ಪೂರ್ತಿ ಹೆಸರು

ಕಾವೂರು, ಮಂಗಳೂರು
೧೨-೬-೧೯೭೯

ಬೊಂಬಾಯಿಯ ಮಾಮನಿಗೆ ಹರಿಣಾಕ್ಷಿಯ ನಮಸ್ಕಾರ.

ನಾನು ಲಾ ಪಾಸಾಗಿ ಸನದು ಪಡೆದ ಸುದ್ದಿಯನ್ನು ಅಪ್ಪ ನಿಮಗೆ ಕಾರ್ಡಿನಲ್ಲಿ ಬರೆದಿದ್ದರಂತೆ. ಅದರಲ್ಲಿ ಬಂಗುಡೆ ಮೀನಿನ ಸುದ್ದಿಯೇ ಹೆಚ್ಚು, ಮಗಳ ಸುದ್ದಿ ಒಂದೇ ಸಾಲು ಎಂದು ಅಮ್ಮನ ದೂರು. ಆದ್ದರಿಂದ ಉಳಿದದ್ದನ್ನು ನಾನೇ ಬರೆಯುತ್ತಿದ್ದೇನೆ.

ಜಯಪಾಲ ಹೆಗ್ಡೆ ವಕೀಲರ ಹತ್ತಿರ ಜೂನಿಯರ್ ಆಗಿದ್ದೇನೆ. ಒಳ್ಳೆಯವರು, ಬೈಯುವುದಿಲ್ಲ, ಹಾಗೆಯೇ ಕೆಲಸವನ್ನೂ ಕೊಡುವುದಿಲ್ಲ. ಬೆಳಿಗ್ಗೆ ಫೈಲು ಹೊತ್ತು ಅವರ ಹಿಂದೆ ಕೋರ್ಟಿಗೆ ಹೋಗುವುದು, ಸಂಜೆ ಅದೇ ಫೈಲು ಹೊತ್ತು ಹಿಂದೆ ಬರುವುದು. ಕಕ್ಷಿದಾರರು ಆಫೀಸಿಗೆ ಬಂದರೆ ನನ್ನ ಮುಖ ನೋಡಿ, "ವಕೀಲರು ಯಾರೂ ಇಲ್ವಾ?" ಎಂದು ಕೇಳುತ್ತಾರೆ. ಕಪ್ಪು ಕೋಟು ಹಾಕಿಕೊಂಡೇ ನಾನು, "ಈಗ ಬರ್ತಾರೆ, ಕೂತುಕೊಳ್ಳಿ" ಎನ್ನುತ್ತೇನೆ.

ಭಾನುವಾರಗಳು ಬ್ಯಾಂಕಿನ ಪರೀಕ್ಷೆಗಳಿಗೆ ಮೀಸಲು. ಊರಿನ ಪದವೀಧರರೆಲ್ಲ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತಿರುತ್ತೇವೆ. ಒಬ್ಬಾತ ಒಂದು ಫೋಟೋ ತೋರಿಸಿ, 'ಇವಳ ತಾಯಿ ನನ್ನ ತಂದೆಯ ಒಬ್ಬಳೇ ಮಗಳು' ಎನ್ನುತ್ತಾನೆ. ಹಾಗಾದರೆ ಇವಳು ಅವನಿಗೆ ಏನಾಗಬೇಕು? ಅರ್ಧ ನಿಮಿಷದಲ್ಲಿ ಗುರುತು ಹಾಕಬೇಕು. ಹಾಕುತ್ತೇನೆ, ಪಾಸಾಗುತ್ತೇನೆ. ಆಮೇಲೆ ಸಂದರ್ಶನದಲ್ಲಿ, ಲಾ ಓದಿದವಳಿಗೆ ಬ್ಯಾಂಕಿನ ಕೌಂಟರ್ ಯಾಕೆ ಎಂದು ಕೇಳಿ ಕಳುಹಿಸುತ್ತಾರೆ. ಸಾಕಾಗಿ ಹೋಗಿದೆ ಮಾಮ.

ನೀವು ಗುಮಾಸ್ತರಾಗಿರುವಂಥ ಸಾಲಿಸಿಟರ್ ಆಫೀಸುಗಳಲ್ಲಿ ಲಾ ಓದಿದವರನ್ನು ಮೂರು ವರ್ಷ ತರಬೇತಿಗೆ ತೆಗೆದುಕೊಳ್ಳುತ್ತಾರೆ, ಕೊನೆಗೆ ಪರೀಕ್ಷೆ ಕಟ್ಟಿ ಪಾಸಾದರೆ ಸಾಲಿಸಿಟರ್ ಆಗಬಹುದು ಎಂದು ಕೇಳಿದ್ದೇನೆ. ಹುಡುಗಿಯರನ್ನು ತೆಗೆದುಕೊಳ್ಳುತ್ತಾರಾ? ನನ್ನಂಥವಳನ್ನು? ನನಗೆ ಕೆಲಸ ಕಲಿಯಬೇಕು. ಫೈಲು ಹೊರುವುದಲ್ಲ, ಫೈಲಿನ ಒಳಗೆ ಏನುಂಟು ಎಂದು ಕಲಿಯಬೇಕು. ಸಾಧ್ಯ ಉಂಟಾದರೆ ಬರೆಯಿರಿ.

ನಿಮ್ಮ
ಹರಿಣಾಕ್ಷಿ


ಫೋರ್ಟ್, ಬೊಂಬಾಯಿ
೨೮-೬-೧೯೭೯

ಹರಿಣಾಕ್ಷಿಗೆ ಮಾಮನ ಆಶೀರ್ವಾದ.

ನಿನ್ನ ಪತ್ರವನ್ನು ಲೋಕಲ್ ರೈಲಿನಲ್ಲಿ ನಿಂತೇ ಓದಿದೆ. ಇಳಿಯುವ ಸ್ಟೇಶನ್ ದಾಟಿ ಹೋಯಿತು. ಹದಿನೈದನೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದವನಿಗೆ, ತಂಗಿಯ ಮಗಳು ಸಾಲಿಸಿಟರ್ ಆಗುತ್ತೇನೆ ಎಂದು ಬರೆದರೆ ಸ್ಟೇಶನ್ ತಪ್ಪದೆ ಇನ್ನೇನಾದೀತು?

ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಈಗಲೂ ಒಬ್ಬಳು ಇದ್ದಾಳೆ. ಆಗಸ್ಟಿನ ಒಳಗೆ ಅರ್ಜಿ, ಅಕ್ಟೋಬರಿನಲ್ಲಿ ಬರಹದ ಪರೀಕ್ಷೆ. ಹಳೆಯ ದಸ್ತಾವೇಜುಗಳ ಒಂದು ಕಟ್ಟು ಕೊಟ್ಟು ಅದರ ಸಾರಾಂಶ ಬರೆಯಲು ಹೇಳುತ್ತಾರೆ. ಪಾಸಾದವರಿಗೆ ಮೂವರು ಸಾಹೇಬರ ಮುಂದೆ ಸಂದರ್ಶನ. ಕೊನೆಗೆ ತೆಗೆದುಕೊಳ್ಳುವುದು ಇಬ್ಬರನ್ನು.

ಒಂದು ನಿಯಮ ಉಂಟು. ನೌಕರರ ಮಕ್ಕಳನ್ನಾಗಲಿ ವಾರಸುದಾರರನ್ನಾಗಲಿ ತರಬೇತಿಗೆ ಸೇರಿಸುವುದಿಲ್ಲ. ಕಕ್ಷಿದಾರರ ಗುಟ್ಟು ಎರಡು ದಾರಿಯಲ್ಲಿ ಒಂದೇ ಮನೆಗೆ ಹೋಗಬಾರದು ಎಂದು ಹಿಂದಿನವರು ಮಾಡಿದ್ದು. ಮದುವೆಯಾಗದ ನನಗೆ ಮಕ್ಕಳೂ ಇಲ್ಲ, ವಾರಸುದಾರರೂ ಇಲ್ಲ. ಆದ್ದರಿಂದ ಅದು ನಮಗೆ ತಾಗುವುದಿಲ್ಲ.

ದಸ್ತಾವೇಜಿನ ಕೋಣೆಯ ಕೀಲಿ ಹಲವು ವರ್ಷಗಳಿಂದ ನನ್ನ ಹತ್ತಿರವೇ ಇರುವುದು. ಈ ಪೇಟೆಯ ಎಷ್ಟೋ ಕಟ್ಟಡಗಳ ಮೂಲಪತ್ರಗಳು ಅಲ್ಲಿಯ ತಗಡಿನ ಪೆಟ್ಟಿಗೆಗಳಲ್ಲಿವೆ. ಆ ಕೋಣೆಯನ್ನು ನಿನಗೆ ತೋರಿಸಬೇಕು ಎಂದು ಆಸೆ.

ನಿನ್ನ
ಲೀಲಾಧರ ಮಾಮ


ಕಾವೂರು
೧೯-೮-೧೯೭೯

ಪ್ರೀತಿಯ ಮಾಮನಿಗೆ,

ಅರ್ಜಿ ಹೋಯಿತು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಲು ಅಮ್ಮನೂ ನನ್ನ ಜೊತೆ ಬಂದಿದ್ದಳು. ಪೋಸ್ಟಾಫೀಸಿನವರು ಠಸ್ಸೆ ಹೊಡೆಯುವಾಗ, "ಸ್ವಲ್ಪ ಮೆಲ್ಲ ಹೊಡೀರಿ ಮಾರಾಯ್ರೆ, ಒಳಗೆ ಮಗಳ ಸರ್ಟಿಫಿಕೇಟು ಉಂಟು" ಎಂದಳು.

ಅರ್ಜಿಯಲ್ಲಿ ನನ್ನ ಹೆಸರು ಹರಿಣಾಕ್ಷಿ ಮೆಂಡನ್. ಶಾಲೆಯಿಂದ ಲಾ ಕಾಲೇಜಿನವರೆಗೆ ನಾನು ಬರೇ ಬಿ. ಹರಿಣಾಕ್ಷಿ, ಬೂಬ ಕರ್ಕೇರರ ಮಗಳಾದ್ದರಿಂದ ಬಿ. ಬೊಂಬಾಯಿಯಲ್ಲಿ ಅಡ್ಡಹೆಸರು ಇಲ್ಲದವರನ್ನು ಅನುಮಾನದಿಂದ ನೋಡುತ್ತಾರೆ ಎಂದು ಹೆಗ್ಡೆಯವರು ಹೇಳಿದರು. ಅಪ್ಪನ ಕರ್ಕೇರ ಹಾಕಲೇ ಎಂದು ಕೇಳಿದ್ದಕ್ಕೆ ಅಮ್ಮ, "ಎಂತದು? ನಮಗೆ ತಾಯಿಯ ಬರಿಯಲ್ವಾ, ತಾಯಿಯ ಕುಲ? ನನ್ನದು ಮೆಂಡನ್, ಅಣ್ಣನದ್ದು ಮೆಂಡನ್, ನಿನ್ನದೂ ಅದೇ. ಅಪ್ಪನ ಹೆಸರು ಹಾಕುವ ಕ್ರಮ ನಮ್ಮಲ್ಲಿ ಯಾವಾಗ ಬಂತು?" ಎಂದು ಮೀನು ಕೊಯ್ಯುವುದನ್ನು ಬಿಟ್ಟು ಎದ್ದೇ ಬಂದಳು. ಅಪ್ಪ ಬಲೆ ಹೆಣೆಯುತ್ತಲೇ ಇದ್ದರು. ಅವರಿಗೂ ಕ್ರಮ ಗೊತ್ತಲ್ಲ.

ಅರ್ಜಿಗಳ ಕಟ್ಟಿನಲ್ಲಿ ನಿಮ್ಮದೇ ಹೆಸರು ಕಂಡು ನಿಮಗೆ ಖುಷಿಯಾಗಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ನಿಮ್ಮ
ಹರಿಣಾಕ್ಷಿ ಮೆಂಡನ್


ಫೋರ್ಟ್, ಬೊಂಬಾಯಿ
೩-೧೦-೧೯೭೯

ಹರಿಣಾಕ್ಷಿಗೆ,

ಈ ವರ್ಷ ನಿನ್ನ ಅರ್ಜಿಯನ್ನು ಪರೀಕ್ಷೆಗೆ ತೆಗೆದುಕೊಳ್ಳಲಿಲ್ಲ. ಆಫೀಸಿನಿಂದಲೂ ಕಾಗದ ಬರುತ್ತದೆ. ಕಾರಣ ಕೇಳಿ ಬರೆಯಬೇಡ, ಅವರು ಹೇಳುವುದಿಲ್ಲ. ಬ್ಯಾಂಕಿನ ಪರೀಕ್ಷೆಗಳನ್ನು ಬಿಡಬೇಡ. ತಂಗಿ ಕುಮುದಿನಿಗೂ ಭಾವನಿಗೂ ನನ್ನ ನೆನಪು ತಿಳಿಸು.

ಲೀಲಾಧರ


ಕಾವೂರು
೯-೧೨-೧೯೭೯

ಮಾಮನಿಗೆ,

ನಿಮ್ಮ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಮನಸ್ಸು ಬರಲಿಲ್ಲ. ಪರೀಕ್ಷೆಯಲ್ಲಿ ಫೇಲಾಗಿದ್ದರೆ ಅತ್ತು ಎದ್ದು ಬಿಡುತ್ತಿದ್ದೆ. ಪರೀಕ್ಷೆಗೇ ಕರೆಯಲಿಲ್ಲ ಎಂದರೆ ಎಂತ ಅರ್ಥ? ನನ್ನ ಅಂಕಗಳು ಕೆಟ್ಟದಾಗಿಲ್ಲ.

ನನಗೆ ಹೊಳೆದದ್ದನ್ನು ಬರೆದುಬಿಡುತ್ತೇನೆ, ಸಿಟ್ಟು ಮಾಡಬೇಡಿ. ಅಪ್ಪನ ಉದ್ಯೋಗ ಎನ್ನುವಲ್ಲಿ ನಾನು ಮೀನುಗಾರಿಕೆ ಎಂದು ಬರೆದೆ. ನಿಮ್ಮ ಮನೆಯವರು ಕಡಲಿಗೆ ಹೋಗುವವರು ಎಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲವೇ? ನಾನು ಬಂದರೆ ನಿಮಗೆ ನಾಚಿಕೆಯೇ? ಪಣಂಬೂರಿನ ಅಜ್ಜಿ ಮನೆಯ ಜಾಗವನ್ನು ಬಂದರು ಕಟ್ಟಲು ಸರಕಾರ ತೆಗೆದುಕೊಂಡ ಮೇಲೆ ನೀವು ಊರಿಗೇ ಬರಲಿಲ್ಲ. ಅಮ್ಮ ನಿಮ್ಮ ಪರವಾಗಿಯೇ ಮಾತಾಡುತ್ತಾಳೆ. "ಅಣ್ಣನಿಗೆ ಕೆಲಸ ಬಹಳ ಇರಬಹುದು" ಎನ್ನುತ್ತಾಳೆ. ಹಾಗೆ ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಮೊನ್ನೆ ಇನ್ನೊಂದು ಬ್ಯಾಂಕಿನ ಪರೀಕ್ಷೆ ಬರೆದೆ. ಅದೇ ಶಾಲೆ, ಅದೇ ಬೆಂಚು. ನನ್ನ ಪಕ್ಕ ಕೂರುವ ಶಶಿಪ್ರಭಾ ಈ ಸಲ ಬರಲಿಲ್ಲ. ಅವಳಿಗೆ ಮದುವೆಯಂತೆ.

ಹರಿಣಾಕ್ಷಿ


ಫೋರ್ಟ್, ಬೊಂಬಾಯಿ
೧೭-೨-೧೯೮೦

ಹರಿಣಾಕ್ಷಿಗೆ,

ಸಿಟ್ಟು ಬರಲಿಲ್ಲ. ಮೀನುಗಾರಿಕೆಗೂ ಇದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಹೆಚ್ಚು ಬರೆಯಲಾರೆ. ಹೇಳಿದರೆ ನೋವು, ಹೇಳದಿದ್ದರೆ ತಪ್ಪು ಎನ್ನುವಂಥ ಮಾತು.

ನನ್ನ ಸುದ್ದಿ ವಿಶೇಷ ಏನಿಲ್ಲ. ಈಗ ದಸ್ತಾವೇಜಿನ ಕೋಣೆಯಲ್ಲಿ ಕೂರುವುದಿಲ್ಲ. ಧೂಳಿಗೆ ಎದೆ ಕಟ್ಟುತ್ತಿತ್ತು, ಬೇರೆ ಕಡೆ ಕೂರುತ್ತೇನೆ ಎಂದು ನಾನೇ ಕೇಳಿಕೊಂಡೆ. ಟಪಾಲು ವಿಭಾಗದಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ವಯಸ್ಸೂ ಆಯಿತಲ್ಲ.

ನಿನಗೆ ಇನ್ನೂ ಮನಸ್ಸಿದ್ದರೆ ಮುಂದಿನ ಸಲ ಮತ್ತೆ ಅರ್ಜಿ ಹಾಕು. ಹೆಸರು ಮಾತ್ರ ಸರ್ಟಿಫಿಕೇಟಿನಲ್ಲಿ ಇರುವ ಹಾಗೆ ಬಿ. ಹರಿಣಾಕ್ಷಿ ಎಂದೇ ಇರಲಿ. ಮೆಂಡನ್ ಬೇಡ. ಆಫೀಸಿನಲ್ಲಿ ನನ್ನ ಗುರುತು ಉಂಟೇ ಎಂದು ಕೇಳಿದರೆ, ಊರಿನವರು, ಹೆಸರು ಕೇಳಿದ್ದೇನೆ ಎಂದು ಹೇಳು. ಸುಳ್ಳೇನಲ್ಲ, ಊರಿನವನು ಹೌದು.

ಲೀಲಾಧರ ಮಾಮ


ಕಾವೂರು
೩೦-೧೧-೧೯೮೦

ಮಾಮನಿಗೆ,

ಇಷ್ಟು ತಿಂಗಳು ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಮೆಂಡನ್ ಬೇಡ ಎಂದು ಓದಿದ ಮೇಲೆ ಏನು ಬರೆಯುವುದು ಎಂದು ತೋಚಲಿಲ್ಲ. ನಿಮ್ಮ ಆ ಪತ್ರವನ್ನು ಅಮ್ಮನಿಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟೆ. ನಾನು ಹುಟ್ಟಿದಾಗ ಬೆಲ್ಲ ಹಂಚಿದ ಮಾಮನಿಗೆ ಈಗ ನಾನು ಬರೇ ಊರಿನವಳು ಎಂದು ಅವಳಿಗೆ ಹೇಗೆ ಹೇಳಲಿ?

ಕಳೆದ ತಿಂಗಳು ಒಂದು ಬ್ಯಾಂಕಿನ ಸಂದರ್ಶನ ಆಯಿತು. ಮದುವೆಯಾದ ಮೇಲೆ ಕೆಲಸ ಬಿಡುತ್ತೀರಾ ಎಂದು ಕೇಳಿದರು. ಗಂಡು ಇನ್ನೂ ಹುಟ್ಟಿದ ಹಾಗೆ ಕಾಣುವುದಿಲ್ಲ ಎಂದೆ. ಒಬ್ಬರು ನಕ್ಕರು, ಕೆಲಸ ಬರಲಿಲ್ಲ. ಹೆಗ್ಡೆಯವರ ಆಫೀಸಿನಲ್ಲಿ ನನ್ನ ನಂತರ ಇಬ್ಬರು ಹೊಸ ಹುಡುಗರು ಬಂದು, ಕೆಲಸ ಕಲಿತು, ಸ್ವಂತ ಆಫೀಸು ಮಾಡಿದರು. ನಾನು ಈಗಲೂ ತಾರೀಕು ಕೇಳಿಕೊಂಡು ಬರುವವಳೇ. ಸಿಟ್ಟು ಬರುವುದೂ ನಿಂತುಹೋಗಿದೆ ಮಾಮ, ಬರೇ ದಣಿವು.

ಆದ್ದರಿಂದ ನೀವು ಹೇಳಿದ ಹಾಗೆಯೇ ಮಾಡಿದೆ. ಈ ಸಲ ಪರೀಕ್ಷೆ ಮಾರ್ಚಿಗೆ ಎಂದು ಪೇಪರಿನಲ್ಲಿ ಬಂದಿತ್ತು. ನಿನ್ನೆ ಅರ್ಜಿ ಹಾಕಿದ್ದೇನೆ. ಹೆಸರು ಬಿ. ಹರಿಣಾಕ್ಷಿ.

ಬಿ. ಹರಿಣಾಕ್ಷಿ


ಫೋರ್ಟ್, ಬೊಂಬಾಯಿ
೨೪-೨-೧೯೮೧

ಹರಿಣಾಕ್ಷಿಗೆ ಆಶೀರ್ವಾದ.

ಪರೀಕ್ಷೆಗೆ ನಿನ್ನನ್ನು ಕರೆಯುವ ಕಾಗದ ನನ್ನ ಮೇಜಿನ ಮೇಲಿನಿಂದಲೇ ಟಪಾಲಿಗೆ ಹೋಯಿತು. ಅಂಟು ನಾನೇ ಹಚ್ಚಿದೆ.

ನನ್ನ ಖೋಲಿಗೆ ಬರಬೇಡ. ನಮ್ಮ ಆಫೀಸಿನ ಟೈಪಿಸ್ಟ್ ವಿನಿಫ್ರೆಡ್ ಬಾಯಿ ಮಂಗಳೂರಿನವರೇ. ಬಸ್ಸಿನಿಂದ ಇಳಿದು ನೇರವಾಗಿ ಅವರ ಮನೆಗೆ ಹೋಗು, ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಆಫೀಸಿನ ಮೆಟ್ಟಿಲಲ್ಲಿ ನಾನು ಎದುರು ಬಂದರೆ ಮಾತಾಡಿಸಬೇಡ, ನಗಬೇಡ. ನಾನೂ ನೋಡುವುದಿಲ್ಲ. ನೋಡಲಿಲ್ಲ ಎಂದು ಬೇಸರಪಡಬೇಡ.

ದಸ್ತಾವೇಜಿನ ಸಾರಾಂಶ ಬರೆಯುವಾಗ ಮೊದಲು ತಾರೀಕುಗಳನ್ನು ಸಾಲಾಗಿ ಬರೆದುಕೋ. ಆಮೇಲೆ ಯಾರು ಯಾರಿಗೆ ಏನಾಗಬೇಕು ಎಂದು ನೋಡು.

ಕುಮುದಿನಿಗೆ ಹೇಳು, ನನಗೆ ಒಣಮೀನು ಕಳುಹಿಸುವುದು ಬೇಡ. ವಿನಿಫ್ರೆಡ್ ಬಾಯಿಗೆ ಕಳುಹಿಸಲಿ.

ಮಾಮ


ಕಾವೂರು
೫-೪-೧೯೮೧

ಮಾಮನಿಗೆ ಸಾಷ್ಟಾಂಗ ನಮಸ್ಕಾರ.

ನಡೆದದ್ದನ್ನು ವಿನಿಫ್ರೆಡ್ ಬಾಯಿ ಅರ್ಧ ಹೇಳಿರಬಹುದು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಈ ಪತ್ರವನ್ನೇ ಮನಸ್ಸಿನಲ್ಲಿ ಬರೆಯುತ್ತ ಬಂದೆ. ಆದರೂ ಈಗ ಕೈ ಓಡುವುದಿಲ್ಲ.

ಮೆಟ್ಟಿಲಲ್ಲಿ ನೀವು ಎದುರು ಬಂದಿರಿ. ಕೈತುಂಬ ಲಕೋಟೆ. ಕೂದಲು ಎಲ್ಲ ಬಿಳಿಯಾಗಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನೀವು ಗೋಡೆಯ ಕಡೆ ಸರಿದು ನನಗೆ ದಾರಿ ಬಿಟ್ಟಿರಿ, ನಾನು ತಲೆ ತಗ್ಗಿಸಿ ಹೋದೆ. ಅಷ್ಟು ಹೊತ್ತಿಗೂ ನನಗೆ ನಿಮ್ಮ ಮೇಲೆ ಸಿಟ್ಟೇ ಇತ್ತು.

ಬರಹದ ಪರೀಕ್ಷೆಯಲ್ಲಿ ನಾನೇ ಮೊದಲಿಗಳಂತೆ. ದೊಡ್ಡ ಸಾಹೇಬರೇ ಸಂದರ್ಶನದಲ್ಲಿ ಹೇಳಿದರು. ಕುರ್ಚಿ ಮುಂದಕ್ಕೆ ಎಳೆದುಕೊಳ್ಳಿ ಎಂದರು, ಚಹಾ ತರಿಸಿದರು. ಸೀಟು ಸಿಕ್ಕಿತು ಎಂದೇ ನನಗೆ ಅನಿಸಿತು. ಆಮೇಲೆ, "ಮಂಗಳೂರು ಅಲ್ಲವೇ? ಅಲ್ಲಿಯ ಮೆಂಡನ್ ಒಬ್ಬ ನಮ್ಮಲ್ಲಿದ್ದಾನೆ. ಗುರುತು ಉಂಟೇ?" ಎಂದರು.

ನೀವು ಕಲಿಸಿದ್ದನ್ನೇ ಹೇಳಿದೆ. ಊರಿನವರು, ಹೆಸರು ಕೇಳಿದ್ದೇನೆ ಎಂದು.

ಅವರು ಪಕ್ಕದವರ ಕಡೆ ತಿರುಗಿ, ಬಹಳ ನಂಬಿಕೆಯ ಮನುಷ್ಯನಾಗಿದ್ದ, ಪಾಪ, ಎಂದರು. ತನ್ನ ಮಗಳನ್ನು ಇಲ್ಲಿ ಸೇರಿಸಲು ಹೋಗಿ ತಂಗಿಯ ಮಗಳು ಎಂದು ಸುಳ್ಳು ಹೇಳಿದನಂತೆ. ತಂಗಿಯ ಮಗಳಿಗೆ ತಂಗಿಯ ಗಂಡನ ಹೆಸರು ಇರಬೇಕಲ್ಲ, ಇವನ ಹೆಸರು ಹೇಗೆ ಬಂತು ಎಂದರು. ಇವನಿಗೆ ಮದುವೆಯೂ ಆಗಿಲ್ಲ ಎಂದರು. ಆ ಹುಡುಗಿಯ ಸ್ವಂತ ಹೆಸರು ಅವರಿಗೆ ನೆನಪಿರಲಿಲ್ಲ. ಪಕ್ಕದವರು ನಕ್ಕರು.

ಮಾಮ, ಆ ನಗುವನ್ನು ನೀವು ಒಂದೂವರೆ ವರ್ಷದಿಂದ ಕೇಳುತ್ತ ಕೂತಿದ್ದೀರಿ ಎಂದು ಆಗ ಗೊತ್ತಾಯಿತು. ನಾನು ದೊಡ್ಡ ಅಕ್ಷರದಲ್ಲಿ ಬರೆದ ಹೆಸರಿನಿಂದ. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ನಿಮಗೆ ಈಗ ಹೇಳಿದ್ದು ಸುಳ್ಳು ಸರ್, ಅವರು ಹೇಳಿದ್ದು ಸತ್ಯ ಎಂದೆ. ಆ ಹುಡುಗಿ ನಾನೇ, ನನ್ನ ತಾಯಿ ಅವರ ತಂಗಿ, ನನ್ನ ತಂದೆ ಬೂಬ ಕರ್ಕೇರ ಎಂದೆ.

ನಂಬಲಿಲ್ಲ. ಬ್ಯಾಂಕಿನ ಪರೀಕ್ಷೆಯಲ್ಲಿ ಅರ್ಧ ನಿಮಿಷ ಕೊಡುವ ಪ್ರಶ್ನೆಗೆ ನನಗೆ ಬಹಳ ಹೊತ್ತು ಹಿಡಿಯಿತು. ನಮ್ಮಲ್ಲಿ ಅಳಿಯಕಟ್ಟು ಎಂದೆ. ಸಂತಾನ ತಾಯಿಯ ಕಡೆಯಿಂದ, ಬರಿಯೂ ತಾಯಿಯ ಕಡೆಯಿಂದ. ಸೋದರಮಾವ ಮತ್ತು ತಂಗಿಯ ಮಕ್ಕಳು ಒಂದೇ ಮನೆಯವರು, ತಂದೆ ಮಕ್ಕಳದು ಬೇರೆ ಬೇರೆ ಮನೆ ಎಂದೆ. ಅಳಿಯಕಟ್ಟಿಗೆಂದೇ ಮದ್ರಾಸಿನವರು ಮಾಡಿದ ಕಾಯಿದೆ ಹೇಳಿದೆ. ೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೂ, ಮದುವೆಯಾಗದ ಮಾವನ ಆಸ್ತಿಯ ಹಕ್ಕು ಮೊದಲು ನನ್ನ ತಾಯಿಗೆ, ಅವಳ ನಂತರ ನನಗೆ ಎಂದೆ. ಬೊಂಬಾಯಿಯಲ್ಲಿ ಮಗಳು ಎಷ್ಟು ಹತ್ತಿರವೋ ನಮ್ಮಲ್ಲಿ ತಂಗಿಯ ಮಗಳು ಅದಕ್ಕಿಂತ ಹತ್ತಿರ ಎಂದೆ. ಒಬ್ಬರು ಎದ್ದು ಹೋಗಿ ಪುಸ್ತಕ ತಂದರು. ಓದಿದರು. ಕೋಣೆಯಲ್ಲಿ ಯಾರೂ ನಗಲಿಲ್ಲ.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ನಿಮ್ಮ ವಾದ ಸರಿ. ನಾವು ಆ ಮನುಷ್ಯನಿಗೆ ಅನ್ಯಾಯ ಮಾಡಿದ್ದೇವೆ" ಎಂದರು. ಕನ್ನಡಕವನ್ನು ಮತ್ತೆ ಹಾಕಿಕೊಂಡು ಹೇಳಿದರು. "ಆದರೆ ನಮ್ಮ ನಿಯಮದಲ್ಲಿ ಮಕ್ಕಳು ಮಾತ್ರ ಅಲ್ಲ, ವಾರಸುದಾರರೂ ಇದ್ದಾರೆ. ನೀವು ಮಗಳಲ್ಲ ಎಂದು ಒಪ್ಪಿದೆವು. ವಾರಸುದಾರಳು ಎಂದು ನೀವೇ ಸಾಬೀತು ಮಾಡಿದಿರಿ."

ನನ್ನದೇ ವಾದ. ಗೆದ್ದದ್ದೂ ಸೋತದ್ದೂ ಒಂದೇ ಮಾತಿನಲ್ಲಿ. ಚಹಾಕ್ಕೆ ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಮೆಟ್ಟಿಲಲ್ಲಿ ನಿಮ್ಮನ್ನು ಹುಡುಕಿದೆ, ನೀವು ಇರಲಿಲ್ಲ.

ಅಮ್ಮನಿಗೆ ಸೀಟು ಸಿಗಲಿಲ್ಲ ಎಂದಷ್ಟೇ ಹೇಳಿದ್ದೇನೆ. ಅವಳು, "ಹೋಗಲಿ ಬಿಡು ಮಗಾ, ಅಣ್ಣ ಹೇಗಿದ್ದಾನೆ?" ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದೆ.

ನಿಮಗೆ ನಾಚಿಕೆ ಎಂದು ಬರೆದಿದ್ದೆ. ಕ್ಷಮಿಸಿ ಮಾಮ.

ನಿಮ್ಮ
ಹರಿಣಾಕ್ಷಿ


ಫೋರ್ಟ್, ಬೊಂಬಾಯಿ
೧೯-೪-೧೯೮೧

ಮಗಳೇ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ನೀನು ಒಂದು ಸುಳ್ಳು, ಅದೂ ಅರ್ಧ ಸುಳ್ಳು, ಹೇಳಿ ಮುಗಿಸಿದ್ದೆ. ಅದನ್ನು ಹಿಂದೆ ತೆಗೆದುಕೊಳ್ಳದಿದ್ದರೆ ಸೀಟು ನಿನ್ನದು. ನನಗೆ ಇನ್ನು ನಾಲ್ಕು ವರ್ಷದಲ್ಲಿ ನಿವೃತ್ತಿ. ಮುದುಕನ ಮಾನಕ್ಕೆ ನಿನ್ನ ಬದುಕನ್ನು ಯಾಕೆ ಕೊಟ್ಟೆ?

ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಮುಚ್ಚಿ ಪ್ರಯೋಜನವಿಲ್ಲ. ಆ ಸೆಪ್ಟೆಂಬರಿನಲ್ಲಿ ದೊಡ್ಡ ಸಾಹೇಬರು ನಿನ್ನ ಅರ್ಜಿ ಹಿಡಿದು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಅಳಿಯಕಟ್ಟು ಎಂದು ವಿವರಿಸಲೂ ಹೋದೆ. ಗುಮಾಸ್ತ ವಿವರಿಸಿದರೆ ಅದು ನೆಪ, ವಕೀಲೆ ವಿವರಿಸಿದರೆ ಕಾನೂನು. "ನಾನು ಹೆಚ್ಚು ಕೇಳುವುದಿಲ್ಲ, ಕೀಲಿ ಮೇಜಿನ ಮೇಲೆ ಇಡು" ಎಂದರು. ಇಟ್ಟೆ. ಧೂಳಿಗೆ ಎದೆ ಕಟ್ಟಿದ್ದು ಎಂದು ನಿನಗೆ ಬರೆದದ್ದು ಹಸಿ ಸುಳ್ಳು. ಮದುವೆಯಾಗದವನಿಗೆ ಮಗಳು ಉಂಟು ಎನ್ನುವ ಮಾತನ್ನು ತಂಗಿಯ ಮನೆಗೆ ಹೇಗೆ ಬರೆಯಲಿ?

ನೀನು ಹೋದ ಮರುದಿನ ದೊಡ್ಡ ಸಾಹೇಬರು ಟಪಾಲು ವಿಭಾಗಕ್ಕೆ ಬಂದರು. ಅವರು ಅಲ್ಲಿಗೆ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಎಲ್ಲರ ಎದುರು, "ಮೆಂಡನ್, ತಪ್ಪು ನಮ್ಮದು" ಎಂದು ಕೀಲಿಯನ್ನು ನನ್ನ ಕೈಯಲ್ಲಿ ಕೊಟ್ಟರು. ನಾನು ಹೋಗಿ ಕೋಣೆ ತೆರೆದೆ. ಪೆಟ್ಟಿಗೆಗಳನ್ನು ಯಾರೋ ಹಿಂದೆ ಮುಂದೆ ಮಾಡಿಟ್ಟಿದ್ದಾರೆ. ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಕೂತೆ. ಅಳು ಬಂತು, ಅತ್ತೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಬಂದಿದೆ. ಆದರೆ ಆನೆ ನಿನ್ನದಾಗಿತ್ತು, ಅದನ್ನು ಮರೆಯಲಾರೆ.

ನಿಯಮದ ಆ ಶಬ್ದ ನನಗೆ ಹೊಳೆಯಲೇ ಇಲ್ಲ. ಇಲ್ಲಿ ಇದ್ದು ಇದ್ದು, ವಾರಸುದಾರ ಎಂದರೆ ಮಗ ಅಥವಾ ಮಗಳು ಎಂದೇ ನನ್ನ ತಲೆಯಲ್ಲಿಯೂ ಕೂತುಬಿಟ್ಟಿದೆ. ಊರು ಬಿಟ್ಟರೆ ಏನೇನು ಮರೆಯುತ್ತದೆ ನೋಡು. ಮದುವೆಯಾಗದ ನನಗೆ ಯಾರೂ ಇಲ್ಲ ಎಂದು ಮೊದಲ ಪತ್ರದಲ್ಲಿ ಬರೆದಿದ್ದೆ. ಆ ಪತ್ರ ಇದ್ದರೆ ಆ ಸಾಲನ್ನು ಹೊಡೆದುಹಾಕು.

ಮಳೆಗೆ ಮೊದಲು ರಜೆ ಹಾಕಿ ಕಾವೂರಿಗೆ ಬರುತ್ತೇನೆ. ಕುಮುದಿನಿಗೆ ಹೇಳು, ಒಣಮೀನು ಅಲ್ಲಿಯೇ ತಿನ್ನುತ್ತೇನೆ ಎಂದು. ಹೆಗ್ಡೆಯವರ ಆಫೀಸಿನಲ್ಲಿ ಇನ್ನು ಫೈಲು ಹೊರಬೇಡ. ಮೂವರು ಸಾಲಿಸಿಟರುಗಳಿಗೆ ಪುಸ್ತಕ ತೆಗೆಸಿದವಳಿಗೆ ಮಂಗಳೂರಿನಲ್ಲಿ ಸ್ವಂತ ಮೇಜು ಹಾಕಲು ಇನ್ಯಾರ ಪರೀಕ್ಷೆ ಬೇಕು? ಸಣ್ಣ ಕೋಣೆಯಾದರೂ ಸಾಕು. ಹೊರಗೆ ಬೋರ್ಡು ಬರೆಸುವಾಗ ಹೆಸರು ಪೂರ್ತಿ ಇರಲಿ.

ನಿನ್ನ
ಲೀಲಾಧರ ಮೆಂಡನ್